ಕತಾರಿಗೆ ಅಧಿಕಮಾಸವಿಲ್ಲ

ಕತಾರಿನ ಲುಸೈಲ್‌ನ ಆಫೀಸಿನಲ್ಲಿ ಬೆಳಗಿನ ಚಹಾ ಹೀರುತ್ತಿದ್ದ ಮುದ್ದುಕೃಷ್ಣರನ್ನು ಸಹೋದ್ಯೋಗಿ ಉಳ್ಳಾಲದ ಶಾಫಿ ಸುಮ್ಮನೆ ಕೇಳಿದ, "ಮೇಡಂ ಬರುದು ಯಾವಾಗ ಸಾರ್?"

"ನವರಾತ್ರಿಗೆ. ಮಗಳು ಜಾಹ್ನವಿ ಬಾಣಂತನಕ್ಕೆ ಅಂತ ಯುಗಾದಿ ಮಾರನೇ ದಿನ ಮೈಸೂರಿಗೆ ಹೋದ್ಲು. ಯುಗಾದಿಯಿಂದ ನವರಾತ್ರಿಗೆ ಸರಿಯಾಗಿ ಆರು ತಿಂಗಳು."

ಕತಾರಿನ ರೆಸಿಡೆನ್ಸ್ ಪರ್ಮಿಟ್ ಇದ್ದವರು ಆರು ತಿಂಗಳಿಗಿಂತ ಹೆಚ್ಚು ಹೊರಗಿದ್ದರೆ ಪರ್ಮಿಟ್ಟಿಗೆ ಸಂಚಕಾರ. ಅಷ್ಟು ಕಾನೂನು ಮುದ್ದುಕೃಷ್ಣರಿಗೂ ಗೊತ್ತಿತ್ತು.

ಶಾಫಿ ಮೊಬೈಲ್ ತೆಗೆದು ನೋಡಿದ. "ಈ ಸಲ ನವರಾತ್ರಿ ಅಕ್ಟೋಬರ್ ಹನ್ನೊಂದಕ್ಕೆ ಉಂಟು. ಮೇಡಂ ಹೋದದ್ದು ಮಾರ್ಚ್ ಇಪ್ಪತ್ತಕ್ಕೆ. ಇವತ್ತು ಸೆಪ್ಟೆಂಬರ್ ಇಪ್ಪತ್ತು. ಇವತ್ತು ರಾತ್ರಿ ಹನ್ನೆರಡಕ್ಕೆ ಆರು ತಿಂಗಳು ಖಲಾಸ್ ಸಾರ್."

ಮುದ್ದುಕೃಷ್ಣರು ಚಹಾದ ಕಪ್ಪನ್ನು ಕೆಳಗಿಟ್ಟು ಬೆರಳೆಣಿಸಿದರು. ನಡುವೆ ಅಧಿಕಮಾಸವೊಂದು ತೂರಿಕೊಂಡಿದ್ದನ್ನು ಮರೆತಿದ್ದರು. ಇಮಿಗ್ರೇಶನ್ ಕೌಂಟರಿನಲ್ಲಿ ಯಾರೂ ಪಂಚಾಂಗ ನೋಡುವುದಿಲ್ಲ.

"ಹೊಸ ವೀಸಾ ಅಂದ್ರೆ ಮ್ಯಾರೇಜ್ ಸರ್ಟಿಫಿಕೇಟಿಂದ ಶುರು ಮಾಡ್ಬೇಕು," ಎಂದು ಪಕ್ಕದ ಮೇಜಿನ ಪ್ರಶಾಂತ್ ಹೆದರಿಸಿದ. "ಎಲ್ಲಿಟ್ಟಿದೀರಿ?"

"ಅದು ಹೇಮಾಗೇ ಗೊತ್ತು."

ಆರು ತಿಂಗಳಿಂದ ಖುಬೂಸ್ ರೊಟ್ಟಿಗೆ ಉಪ್ಪಿನಕಾಯಿ ಸವರಿಕೊಂಡು ತಿಂದ ಜೀವ ಅದು. ಹೆಂಡತಿಯ ದಾರಿ ಕಾಯಲು ಇನ್ನು ಶಕ್ತಿಯಿರಲಿಲ್ಲ. ಮೈಸೂರಿಗೆ ಫೋನ್ ಮಾಡಿದರೆ ಹೇಮಲತಾ, "ಮಗೂಗೆ ಎಣ್ಣೆ ಹಚ್ತಿದೀನಿ ಕಣ್ರೀ, ಆಮೇಲೆ ಮಾಡಿ," ಎಂದು ಮೂರು ಸಲ ಕತ್ತರಿಸಿದರು. ಕೊನೆಗೆ ಶಾಫಿಯೇ ಫೋನ್ ಕಸಿದುಕೊಂಡು ಕಾರಿಡಾರಿಗೆ ಹೋದ. ಹತ್ತು ನಿಮಿಷ ಬಿಟ್ಟು ನಗುತ್ತಾ ಬಂದ.

"ಮೇಡಂ ಒಪ್ಪಿದ್ರು. ಸಂಜೆ ಫ್ಲೈಟಿಗೆ ಟಿಕೆಟ್ಟೂ ಮಾಡಿ ಆಯ್ತು."

ಆಮೇಲಿನದು ಮುದ್ದುಕೃಷ್ಣರ ಬಿಪಿಗೆ ಬಿಟ್ಟ ವಿಷಯ. ಮಂಡ್ಯದ ಹತ್ತಿರ ಟ್ಯಾಕ್ಸಿ ಪಂಕ್ಚರ್ ಆಯಿತು. ಬೆಂಗಳೂರಿನಲ್ಲಿ ವಿಮಾನ ಒಂದು ಗಂಟೆ ತಡವಾಯಿತು. ದೋಹಾ ಏರ್‌ಪೋರ್ಟಿನಲ್ಲಿ ಶಾಫಿಯ ಜೊತೆ ಬಂದಿದ್ದ ಪ್ರಶಾಂತ್ ಐದು ನಿಮಿಷಕ್ಕೊಮ್ಮೆ ಗಡಿಯಾರ ನೋಡಿ, "ಟೈಮಿದೆ ಬಿಡಿ," ಅನ್ನುತ್ತಿದ್ದ. ಅವನು ಹಾಗಂದಾಗಲೆಲ್ಲ ಮುದ್ದುಕೃಷ್ಣರಿಗೆ ಟೈಮಿಲ್ಲ ಅನ್ನಿಸುತ್ತಿತ್ತು.

ರಾತ್ರಿ ಹತ್ತು ಗಂಟೆಗೆ ಹೇಮಲತಾ ಬಾಗಿಲು ದಾಟಿ ಹೊರಬಂದರು. ತಕರಾರಿಲ್ಲದೆ ಒಳಗೆ ಬಿಟ್ಟಿದ್ದರು. ಮುದ್ದುಕೃಷ್ಣರಿಗೆ ಹೋದ ಜೀವ ಬಂದಂತಾಯಿತು. ಕಣ್ಣು ತುಂಬಿ ಬಂದು, ಎಲ್ಲರೆದುರೇ ಹೆಂಡತಿಯ ಕೈ ಹಿಡಿದುಕೊಂಡರು. ಆ ಕೈಯಲ್ಲಿ ಒಂದು ಪುಟ್ಟ ಚೀಲವಷ್ಟೇ ಇತ್ತು.

"ಲಗೇಜೆಲ್ಲಿ ಹೇಮಾ?"

"ಮೂರು ದಿನಕ್ಕೆ ಇನ್ನೆಷ್ಟು ಲಗೇಜು? ಒಂದ್ಸಲ ಒಳಗೆ ಬಂದು ಹೋದ್ರೆ ಮತ್ತೆ ಆರು ತಿಂಗಳು ಸಿಗುತ್ತೆ ಅಂತ ಶಾಫಿ ಹೇಳಿದ್ರು. ಬುಧವಾರ ವಾಪಸ್ ಹೋಗ್ತೀನಿ. ಮಗು ಇನ್ನೇನು ಬೋರಲು ಬೀಳುತ್ತೆ, ನಾನಿಲ್ದೆ ಆಗುತ್ತಾ?"

ಮುದ್ದುಕೃಷ್ಣರು ನಿಧಾನವಾಗಿ ಶಾಫಿಯ ಕಡೆ ತಿರುಗಿದರು.

"ನನ್ನ ಹೆಂಡ್ತಿ ಶಹನಾ ಯಾವಾಗ್ಲೂ ಹಾಗೇ ಮಾಡುದು ಸಾರ್," ಎಂದ ಶಾಫಿ ಹೆಮ್ಮೆಯಿಂದ. "ಇನ್ನು ಮಾರ್ಚ್ ತನಕ ಮೇಡಂ ಊರಲ್ಲೇ ಆರಾಮಾಗಿ ಇರ್ಬಹುದು."