ಮಂದಾಕಿನಿಯ ಮೊದಲ ಮುದ್ರೆ

ಕಾಗದವು ಮಿಂಚಾಗಿ, ಮಸಿಯು ಬೆಳಕಾಗಿ, ತಾನು ತಾನೇ ಎಂಬುದನ್ನು ಮನುಷ್ಯನು ಕ್ಯಾಮೆರಾದ ಮುಂದೆ ಸಾಧಿಸಿ ತೋರಬೇಕಾಗಿ ಬಂದ ಈ ಕಲಿಯುಗದಲ್ಲಿ, ಹೇ ವಾಗ್ದೇವಿ, ದಾವಣಗೆರೆಯಲ್ಲಿ ಜನಿಸಿ ಟೆಕ್ಸಾಸಿನಲ್ಲಿ ನೆಲೆಸಿದ ಮಂದಾಕಿನಿಯ ಪರಾಕ್ರಮವನ್ನು ನುಡಿಸು. ಪರೀಕ್ಷಾಸಾಗರವನ್ನು ದಾಟಿ, ಪ್ರಮಾಣವಚನದ ಕವಚವನ್ನು ತೊಟ್ಟು, ದೂರದವರ ಸಹಿಯನ್ನು ವಿಡಿಯೋದಲ್ಲೇ ಕಂಡು ದೃಢೀಕರಿಸುವ ಆನ್‌ಲೈನ್ ನೋಟರಿಯ ಪದವಿಗೇರಿದ ಆ ವಿದ್ಯುನ್ಮುದ್ರಾಧಾರಿಣಿಯು ಅಡುಗೆಮನೆಯ ಮೂಲೆಯಲ್ಲಿ ಲ್ಯಾಪ್‌ಟಾಪ್ ತೆರೆದು, ಗಿರಾಕಿಯ ಮುಖಗಾಣದೆ ಸೊರಗಿದ್ದಳು. "ಇದಕ್ಕಿಂತ ಹೋಳಿಗೆ ಮಾಡಿ ಮಾರಿದ್ರೆ ಆಗ್ತಿತ್ತು ಬಿಡು" ಎಂಬ ಗಂಡನ ಮಾತು ಎದೆಯಲ್ಲಿ ಬಾಣವಾಗಿ ನಾಟಿತ್ತು.

ಆಗ ಪರದೆಯ ಮೇಲೆ ಉದಯಿಸಿದನು ಮೊದಲ ಗಿರಾಕಿ, ವಿಜಯಪುರ ಮೂಲದ ಶಿಕಾಗೋ ನಿವಾಸಿ ಬಸಲಿಂಗಪ್ಪ. ಗುರುತಿನ ಚೀಟಿಯನ್ನೇನೋ ತೋರಿಸಿದ. ಇನ್ನು ಅವನ ಪೂರ್ವಚರಿತ್ರೆಯನ್ನು ಕುರಿತು ಯಂತ್ರ ಒಡ್ಡುವ ಪ್ರಶ್ನೆಗಳನ್ನು ಗೆಲ್ಲಬೇಕು. ಸೋತರೆ ಉಳಿಯುವುದು ಇನ್ನೊಂದೇ ಅವಕಾಶ. ಹಿಂದೆ ಇದ್ದ ಬೀದಿ ಯಾವುದೆಂಬ ಪ್ರಶ್ನೆಯನ್ನು ಗಟ್ಟಿಯಾಗಿ ಓದಿ ಬಸಲಿಂಗಪ್ಪ ಸೂರು ನೋಡಿದ.

"ಮೇಪಲ್ ಸ್ಟ್ರೀಟ್ ಅನ್ರೀ" ಎಂದಿತು ಅಶರೀರವಾಣಿ.

ಮಂದಾಕಿನಿಯ ಹುಬ್ಬು ಬಿಲ್ಲಾಯಿತು. "ಯಾರ್ರೀ ಅದು? ಹಂಗೆಲ್ಲ ಹೇಳಿಕೊಡಂಗಿಲ್ಲ. ಹೊರಗೆ ಹೋಗ್ರಿ."

ಬಸಲಿಂಗಪ್ಪನ ಅರ್ಧಾಂಗಿ ನೀಲವ್ವ ರಣಚಂಡಿಯಂತೆ ಕ್ಯಾಮೆರಾದೆದುರು ಅವತರಿಸಿದಳು. "ಲಗ್ನ ಆದಾಗಿಂದ ಇವರ ಚಸ್ಮಾ, ಚಾವಿ, ಗುಳಗಿ ಎಲ್ಲಾ ನಾನಽ ನೆನಪ ಮಾಡೀನಿ. ತಾವು ಯಾರಂತ ಇವರಿಗೇನ್ ಗೊತ್ತೈತಿ? ನನ್ನ ಕೇಳ್ರಿ."

"ದೇವೇಂದ್ರ ಬಂದು ಸಹಿ ಹಾಕಿದ್ರೂ ಶಚೀದೇವಿ ಹೊರಗೇ ಕೂರಬೇಕು, ತಾಯಿ. ನನ್ನ ಮುದ್ರೆ ಸುಳ್ಳಿಗೆ ಬೀಳಲ್ಲ. ಬೇಕಾದ್ರೆ ಬೇರೆ ನೋಟರಿ ನೋಡ್ಕೊಳ್ರಿ."

ಮಂದಾಕಿನಿ ಗರ್ಜಿಸಿದಳೇ ಹೊರತು, ಈ ಗಿರಾಕಿಯೂ ಕೈತಪ್ಪಿದರೆ ಹೋಳಿಗೆಯ ಕಾವಲಿಯೇ ಗತಿಯೆಂದು ಅವಳ ಕಣ್ಣು ಒಲೆಯ ಕಡೆ ಹೊರಳಿತ್ತು.

ನೀಲವ್ವ ಬಾಗಿಲನ್ನು ಧಡಾರನೆ ಬಡಿದು ನಿರ್ಗಮಿಸಿದಳು. ಮೊದಲ ಸುತ್ತಿನಲ್ಲಿ ಬಸಲಿಂಗಪ್ಪ ಧರಾಶಾಯಿಯಾದ. ಎರಡನೆಯದರಲ್ಲಿ ಕಣ್ಣು ಮುಚ್ಚಿ, ಮಡದಿಯಿಲ್ಲದ ಮಹಾಶೂನ್ಯದಲ್ಲಿ ತನ್ನ ಆಯುಷ್ಯವನ್ನೆಲ್ಲ ತಡಕಾಡಿ, ಬಿಟ್ಟ ಬೀದಿ, ಮಾರಿದ ಕಾರುಗಳನ್ನು ಒಂದೊಂದಾಗಿ ಎಳೆದು ತಂದ. "ಏ, ನಾನಽ ಹೇಳಿಬಿಟ್ಟೆ ನೋಡ್ರಿ" ಎಂದು ತನಗೆ ತಾನೇ ಬೆರಗಾದ.

ಸಹಿ ಬಿತ್ತು. ದಿಕ್ಕುಗಳೆಲ್ಲ ಉಸಿರು ಬಿಗಿಹಿಡಿದು ನಿಂತಿರಲು, ಮಂದಾಕಿನಿ ತನ್ನ ಮೊದಲ ಮುದ್ರೆಯನ್ನೊತ್ತಿದಳು. ಪತ್ರ ಜಿಮ್ಮಿನ ಸದಸ್ಯತ್ವ ರದ್ದು ಮಾಡಿಸುವುದಾಗಿತ್ತು.

"ಭಾಳ ವರ್ಷ ಹೋಗ್ತಿದ್ರೇನು?" ಎಂದು ಕೇಳಿದಳು.

ಬಸಲಿಂಗಪ್ಪ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದ. "ಒಂದು ಸಲ ಹೋಗಿದ್ದೆರೀ. ಅದೂ ದಾರ್ಯಾಗ ಉಚ್ಚಿ ಅವಸರ ಆಗಿತ್ತಂತ."