ದೂರು: ಮಗು ನಿಂತಿದೆ

ಹನ್ನೊಂದು ತಿಂಗಳು ಅಚ್ಚುಕಟ್ಟಾಗಿ ನಿದ್ದೆ ಮಾಡಿದ ಮಗು ಹನ್ನೆರಡನೆಯ ತಿಂಗಳಲ್ಲಿ ಯಾವ ಮುನ್ಸೂಚನೆಯನ್ನೂ ಕೊಡದೆ ನಿದ್ದೆ ಬಿಟ್ಟರೆ ಅದನ್ನು ಏನೆಂದು ಕರೆಯಬೇಕು? ಲಿಫ್ಟ್ ಮೆಕ್ಯಾನಿಕ್ ಅದನ್ನು ಕಂಪ್ಲೇಂಟು ಎಂದು ಕರೆದ. ಅವನ ವೃತ್ತಿಯಲ್ಲಿ ಜಗತ್ತಿನ ಸಕಲ ಸಂಕಟಗಳೂ ಎರಡೇ ಬಗೆ: ಬಂದ ಕಂಪ್ಲೇಂಟು, ಮುಗಿದ ಕಂಪ್ಲೇಂಟು.

ಮಗಳು ದುಂಡಗಿದ್ದುದರಿಂದ ಮನೆಯಲ್ಲಿ ಬಟಾಣಿ ಎಂದು ಕರೆಯುತ್ತಿದ್ದರು. ರಾತ್ರಿ ಎಂಟಕ್ಕೆ ಮಲಗಿದರೆ ಬೆಳಗ್ಗೆ ಆರಕ್ಕೇ ಅವಳು ಕಣ್ಣು ಬಿಡುತ್ತಿದ್ದುದು. ಕೆಳಗಿನ ಮನೆಯವರು ಇದನ್ನು ಕೇಳಿ ನಿಟ್ಟುಸಿರು ಬಿಟ್ಟಾಗಲೆಲ್ಲ ಮೆಕ್ಯಾನಿಕ್, ಎಲ್ಲ ಮೇಂಟೆನೆನ್ಸಿನಲ್ಲಿದೆ ಎಂದು ಬೀಗುತ್ತಿದ್ದ. (ಆ ಮೇಂಟೆನೆನ್ಸಿನಲ್ಲಿ ಅವನ ಪಾಲೆಷ್ಟು ಎಂದು ಅವನ ಹೆಂಡತಿಯನ್ನು ಯಾರೂ ಕೇಳಿರಲಿಲ್ಲ.) ಈಗ ರಾತ್ರಿ ಒಂದೂ ಮುಕ್ಕಾಲಾಯಿತೆಂದರೆ ಬಟಾಣಿ ತನ್ನ ಪುಟ್ಟ ಮಂಚದ ಕಟಕಟೆ ಹಿಡಿದು ಎದ್ದು ನಿಂತು, ಮೊಕದ್ದಮೆ ಸೋತ ಕಕ್ಷಿದಾರನಂತೆ ಅಳುತ್ತಿದ್ದಳು. ಎತ್ತಿಕೊಂಡರೆ ಸುಮ್ಮನಾಗುವಳು. ಮಲಗಿಸಿದರೆ ಐದು ನಿಮಿಷಕ್ಕೆ ಮತ್ತೆ ಕಟಕಟೆಯಲ್ಲಿ ಹಾಜರು.

ಹೆಂಡತಿ ಆಸ್ಪತ್ರೆಯೊಂದರಲ್ಲಿ ಎಕ್ಸ್‌ರೇ ತೆಗೆಯುವವಳು. ಅವಳ ರಜೆ ಮುಗಿದು ಸೋಮವಾರ ಬೆಳಗಿನ ಪಾಳಿಗೆ ಹೋಗಬೇಕಿತ್ತು. ಬಿಳಿ ಕೋಟನ್ನು ಹದಿನೈದು ದಿನ ಮೊದಲೇ ಇಸ್ತ್ರಿ ಮಾಡಿ ಬಾಗಿಲ ಹಿಂದೆ ತೂಗುಹಾಕಿ, ಆ ಕಡೆ ಹಾದಾಗಲೆಲ್ಲ ಅದರ ತೋಳನ್ನೊಮ್ಮೆ ಮುಟ್ಟಿ ಹೋಗುತ್ತಿದ್ದಳು. ಅದನ್ನು ಮೆಕ್ಯಾನಿಕ್ ನೋಡಿದ್ದ, ನೋಡಿದೆನೆಂದು ಹೇಳಿರಲಿಲ್ಲ. ಬುಧವಾರ ಬೆಳಗ್ಗೆ ಅವಳು ಚಹಾವನ್ನು ಸಿಂಕಿಗೆ ಸೋಸಿ, ಉಳಿದ ಚರಟವನ್ನು ಲೋಟಕ್ಕೆ ಹಾಕಿ ಅವನ ಮುಂದಿಟ್ಟಳು.

“ಭಾನುವಾರದೊಳಗೆ ಇವಳು ಮಲಗ್ಲಿಲ್ಲ ಅಂದ್ರೆ ಕೆಲಸಕ್ಕೆ ಬರಲ್ಲ ಅಂತ ಫೋನ್ ಮಾಡಿಬಿಡ್ತೀನಿ ಕಣ್ರೀ. ನಿದ್ದೆಗಣ್ಣಲ್ಲಿ ಯಾರದೋ ಬಲಗಾಲಿಗೆ ಬದಲು ಎಡಗಾಲಿನ ಎಕ್ಸ್‌ರೇ ತೆಗೆದು ಕಳಿಸಿದ್ರೆ ಏನು ಗತಿ?”

“ಇವತ್ತಿಂದ ರಾತ್ರಿ ನಂದು. ನೀನು ಒಳಗಿನ ರೂಮಲ್ಲಿ ಬಾಗಿಲು ಹಾಕ್ಕೊಂಡು ಮಲಗು.”

“ಅದು ನೀವು ರಿಪೇರಿ ಮಾಡೋ ಸಾಮಾನಲ್ಲ.”

“ಕಂಪ್ಲೇಂಟು ಕಂಪ್ಲೇಂಟೇ,” ಎಂದು ಅವನು ಚರಟದ ಲೋಟವನ್ನು ಗಂಭೀರವಾಗಿ ಪಕ್ಕಕ್ಕೆ ಸರಿಸಿದ.

ಮೊದಲ ಹುಟ್ಟುಹಬ್ಬದ ಹೊತ್ತಿಗೆ ಕೆಲವು ಮಕ್ಕಳ ನಿದ್ದೆ ಹೀಗೆ ಕೆಡುವುದುಂಟು, ಹೊಸದೇನಾದರೂ ಕಲಿಯುತ್ತಿದ್ದರಂತೂ ಇನ್ನೂ ಹೆಚ್ಚು, ಕೆಲವು ವಾರಗಳಲ್ಲಿ ತಾನಾಗಿಯೇ ಸರಿಹೋಗುತ್ತದೆ ಎಂದು ಮಕ್ಕಳ ಡಾಕ್ಟರು ಹೇಳಿದ್ದರು. ಕೆಟ್ಟ ಲಿಫ್ಟು ತಾನಾಗಿಯೇ ಸರಿಹೋಗುತ್ತದೆ ಎಂದು ತಾನು ಹೇಳಿ ನೋಡಲಿ, ಒಂಬತ್ತನೆಯ ಮಹಡಿಯವರು ಸುಮ್ಮನೆ ಬಿಡುತ್ತಾರೆಯೇ ಎಂದು ಮೆಕ್ಯಾನಿಕ್ ದಾರಿಯುದ್ದಕ್ಕೂ ಗೊಣಗಿದ್ದ.

ಅವನ ಕೆಲಸಕ್ಕೊಂದು ಕ್ರಮವಿತ್ತು. ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು, ಪ್ರತಿಯೊಂದನ್ನೂ ಬರೆದಿಡಬೇಕು. ಅದರಂತೆ ಮಂಚದ ಪಕ್ಕದಲ್ಲಿ ಹೊಸ ರಿಜಿಸ್ಟರು ಬಂತು. ಬುಧವಾರ ರಾತ್ರಿ ಶಬ್ದದ ಮೇಲೆ ಸಂಶಯ. ಮನೆಯ ಬಾಗಿಲುಗಳ ತಿರುಗಣೆಗಳಿಗೆಲ್ಲ ಎಣ್ಣೆ ಬಿತ್ತು. ಗುರುವಾರ ಬೆಳಕಿನ ಮೇಲೆ. ಕಿಟಕಿಗೆ ಟಾರ್ಪಾಲು ಬಂತು. ಶುಕ್ರವಾರ ಮಂಚದ ದಿಕ್ಕನ್ನೇ ತಿರುಗಿಸಿದ. ರಿಜಿಸ್ಟರು ಮಾತ್ರ ಒಂದೇ ರಾಗ ಹಾಡಿತು: ‘೧.೪೫. ಮಗು ನಿಂತಿದೆ. ಅಳು. ಎತ್ತಿದೆ. ಸರಿಯಾಯಿತು. ಮಲಗಿಸಿದೆ. ೧.೫೦. ಮಗು ನಿಂತಿದೆ.’

ಮಗು ಅತ್ತಾಗ ಅವನು ಕಟಕಟೆಯ ಕಂಬಿಗಳ ಸಂದಿಗೆ ಬಾಯಿಟ್ಟು, ಲಿಫ್ಟಿನಲ್ಲಿ ಸಿಕ್ಕಿಕೊಂಡವರಿಗೆ ಬಾಗಿಲ ಸಂದಿಯಿಂದ ಹೇಳುವ ಮಾತನ್ನೇ ಅಭ್ಯಾಸಬಲದಿಂದ ಹೇಳುತ್ತಿದ್ದ: “ಗಾಬರಿ ಆಗ್ಬೇಡಿ, ಎರಡೇ ನಿಮಿಷ.” ಹನ್ನೆರಡು ವರ್ಷದ ಅನುಭವಸ್ಥ. ಬಾಯಿ ಆಡಿದ್ದು ತಲೆಗೆ ಹೋಗಬೇಕಿತ್ತು, ಹೋಗಲಿಲ್ಲ.

ಶನಿವಾರ ಅತ್ತೆ ಬಂದರು. ಮೂವತ್ತು ವರ್ಷ ಭೌತಶಾಸ್ತ್ರ ಕಲಿಸಿದವರು. ಯಾರ ಮಾತನ್ನೂ ಪುರಾವೆಯಿಲ್ಲದೆ ನಂಬುವವರಲ್ಲ. ಅವರು ಮೊಮ್ಮಗಳನ್ನು ಮುದ್ದಾಡುವ ಮೊದಲು ರಿಜಿಸ್ಟರು ಕೇಳಿದರು. ಕನ್ನಡಕ ಹಾಕಿ ಮೊದಲಿಂದ ಕೊನೆಯವರೆಗೆ ಓದಿದರು. ಮೆಕ್ಯಾನಿಕ್ ಎದುರಿಗೆ ಕೈಕಟ್ಟಿ ನಿಂತ.

“ಅಳಿಯಂದಿರೇ, ಇದರಲ್ಲಿ ನಲವತ್ತೊಂದು ಸಲ ‘ಮಗು ನಿಂತಿದೆ’ ಅಂತ ಬರೆದಿದ್ದೀರಿ. ‘ಮಗು ಕೂತಿದೆ’ ಅಂತ ಒಂದು ಸಲವಾದ್ರೂ ಇದೆಯಾ?”

“ಇಲ್ಲ ಅತ್ತೆ. ಕೂತಿದ್ರೆ ಕಂಪ್ಲೇಂಟೇ ಇರ್ತಿರ್ಲಿಲ್ಲವಲ್ಲ.”

“ಏಳೋದನ್ನ ಕಲಿತಿದ್ದಾಳೆ, ಇಳಿಯೋದನ್ನ ಕಲಿತಿಲ್ಲ. ಮೇಲೆ ಸಿಕ್ಕಿಹಾಕ್ಕೊಂಡಿದ್ದಾಳೆ. ಇಂಥದ್ದಕ್ಕೆಲ್ಲ ನಿಮ್ಮ ಕಂಪನಿಯಲ್ಲಿ ಯಾರನ್ನ ಕಳಿಸ್ತಾರೆ?”

ಮೆಕ್ಯಾನಿಕ್ ಕಟ್ಟಿದ ಕೈ ಬಿಚ್ಚಿ, “ನನ್ನನ್ನೇ” ಎಂದ. ಅಡುಗೆಮನೆಯಿಂದ ಹೆಂಡತಿ ನಕ್ಕದ್ದು ಕೇಳಿಸಿತು. ವಾರದಲ್ಲಿ ಅದು ಅವಳ ಮೊದಲ ನಗೆ. ಹಾಗಾಗಿ ಅವನು ಅವಮಾನವನ್ನು ನುಂಗಿಕೊಂಡ.

ಹಗಲು ಬೆಳಕಿನಲ್ಲಿ ಪರೀಕ್ಷೆ ನಡೆಯಿತು. ಮಂಚದಲ್ಲಿ ಬಿಟ್ಟ ಕೂಡಲೇ ಬಟಾಣಿ ಎದ್ದು ನಿಂತಳು. ಹೆಮ್ಮೆಯಿಂದ ಸುತ್ತ ನೋಡಿದಳು. ಆಮೇಲೆ ಕೆಳಗೆ ತನ್ನ ಪಾದಗಳನ್ನು, ಬಾವಿಯೊಳಗೆ ಇಣುಕುವವರಂತೆ ನೋಡಿ ತುಟಿ ನಡುಗಿಸಿದಳು. ಹಿಡಿದ ಕೈ ಬಿಡುವ ಧೈರ್ಯವಿಲ್ಲ, ಮೊಣಕಾಲು ಮಡಿಸುವ ಉಪಾಯ ತಿಳಿಯದು. ಒಂದು ವಾರದಿಂದ ಅವಳು ನಡುರಾತ್ರಿ ಒಬ್ಬಳೇ ಅನುಭವಿಸಿದ್ದು ಇದನ್ನು. ಮೆಕ್ಯಾನಿಕ್ ರಿಜಿಸ್ಟರನ್ನು ಮುಚ್ಚಿಟ್ಟ.

ಮಾಡಿ ತೋರಿಸಿದರೆ ಮಾತ್ರ ಕಲಿಯುತ್ತಾಳೆಂದು ಅತ್ತೆ ವಿಧಿಸಿದರು. ಭಾನುವಾರ ಬೆಳಗ್ಗೆಯಿಂದ ಮೆಕ್ಯಾನಿಕ್ ಕಟಕಟೆಯ ಹೊರಗೆ ನಿಂತು, ಕಂಬಿ ಹಿಡಿದು, ಮೊಣಕಾಲು ಮಡಿಸಿ, ಧೊಪ್ಪನೆ ಕೂತ. ಬಟಾಣಿಗೆ ಅದಕ್ಕಿಂತ ಸೊಗಸಾದದ್ದು ಲೋಕದಲ್ಲಿ ಯಾವುದೂ ಕಾಣಲಿಲ್ಲ. ಕೇಕೆ ಹಾಕಿ ಇನ್ನೊಮ್ಮೆ ಎಂದು ಕೈ ನೀಡಿದಳು. ಅವನು ಎದ್ದ, ಕೂತ. ಅತ್ತೆ ಎಣಿಸುತ್ತ ಕೂತರು. ಅರವತ್ತಮೂರರ ಹೊತ್ತಿಗೆ ಅವನ ಮೊಣಕಾಲುಗಳಿಂದ, ಎಣ್ಣೆ ಕಾಣದ ತಿರುಗಣೆಯ ಸದ್ದು ಬರತೊಡಗಿತು. ಸಂಜೆ ನಾಲ್ಕಕ್ಕೆ ಬಟಾಣಿ ಏನೋ ಯೋಚಿಸಿ, ಮೆಲ್ಲಗೆ ಮೊಣಕಾಲು ಮಡಿಸಿ ಕೂತುಬಿಟ್ಟಳು. ತನ್ನನ್ನು ಕೂರಿಸಿದವರು ಯಾರೆಂದು ಹಿಂದೆ ತಿರುಗಿ ನೋಡಿದಳು.

ಆ ರಾತ್ರಿ ಮೆಕ್ಯಾನಿಕ್ ಮಂಚದ ಪಕ್ಕದಲ್ಲಿ ನೆಲದ ಮೇಲೆ ಕಾವಲು ಕೂತ. ಒಂದೂ ಮುಕ್ಕಾಲಿಗೆ ಬಟಾಣಿ ಎದ್ದು ನಿಂತಳು. ಅವನು ಬಾಯಿವರೆಗೆ ಬಂದ ಮಾತನ್ನು ತಡೆದುಕೊಂಡ. ಅವಳು ಅವನನ್ನೊಮ್ಮೆ ನೋಡಿದಳು, ಪಾದಗಳನ್ನೊಮ್ಮೆ ನೋಡಿದಳು, ಮೊಣಕಾಲು ಮಡಿಸಿದಳು. ಕೂತಳು. ಕಂಬಿಯ ಸಂದಿಯಿಂದ ಕೈ ಚಾಚಿ ಅವನ ಕಿವಿ ಹಿಡಿದುಕೊಂಡು ಹಾಗೇ ಹೊರಳಿ ನಿದ್ದೆಹೋದಳು.

ಕಿವಿ ಬಿಡುಗಡೆಯಾದ ಮೇಲೆ ಅವನು ಏಳಲು ನೋಡಿದ. ಮೊಣಕಾಲುಗಳು ಒಪ್ಪಲಿಲ್ಲ. ಕಂಬಿ ಹಿಡಿದರೆ ಮಂಚ ಅಲುಗಾಡಿತು, ಬಿಟ್ಟ. ಕೂಗಿದರೆ ಮಗು ಏಳುತ್ತದೆ, ಅಷ್ಟೇ ಅಲ್ಲ, ಒಳಗೆ ಮಲಗಿದವಳೂ ಏಳುತ್ತಾಳೆ. ಬಾಗಿಲ ಹಿಂದಿನ ಬಿಳಿ ಕೋಟನ್ನು ನೋಡುತ್ತ ಅವನು ಕೂತೇ ಇದ್ದ.

ಐದೂವರೆಗೆ ಹೆಂಡತಿ, ನಿದ್ದೆ ತುಂಬಿದ ಮುಖದಲ್ಲಿ ಹೊರಬಂದು ಅವನ ಅವಸ್ಥೆ ಕಂಡಳು. ಮಗುವನ್ನು ನೋಡಿದಳು, ಅವನನ್ನು ನೋಡಿದಳು. ಬಗ್ಗಿ ಅವನ ಕಿವಿಯಲ್ಲಿ ಮೆಲ್ಲಗೆ ಹೇಳಿದಳು:

“ಗಾಬರಿ ಆಗ್ಬೇಡಿ, ಎರಡೇ ನಿಮಿಷ.”

ಅವಳು ಬಿಳಿ ಕೋಟು ತೊಟ್ಟು ಹೋದ ಮೇಲೆ ಮೆಕ್ಯಾನಿಕ್, ಕಂಪ್ಲೇಂಟು ಮುಗಿಯಿತೆಂದು ಬರೆಯಲು ರಿಜಿಸ್ಟರು ತೆರೆದ. ಅತ್ತೆಯ ದುಂಡನೆಯ ಅಕ್ಷರಗಳಲ್ಲಿ ಆಗಲೇ ಬರೆದಾಗಿತ್ತು: ‘ಸೋಮವಾರ, ೫.೩೦. ಅಳಿಯಂದಿರು ಕೂತಿದ್ದಾರೆ. ಇಬ್ಬರು ಸೇರಿ ಎತ್ತಿದೆವು. ಸರಿಯಾಯಿತು.’