ರಜೆಗೆ ಕಾದ ತುತ್ತು

ಸೈನಿಕನ ಮನೆಯಲ್ಲಿ ಹಬ್ಬ ಪಂಚಾಂಗದ ಮಾತು ಕೇಳುವುದಿಲ್ಲ, ರಜೆ ಮಂಜೂರಾದಾಗ ಬರುತ್ತದೆ. ಹಾಗಾಗಿ ಕುಷ್ಟಗಿಯ ನಮ್ಮ ಮನೆಯಲ್ಲಿ ನಗುವಂಥ ಪ್ರಸಂಗಗಳು ಆಗುತ್ತಲೇ ಇದ್ದವು. ನನ್ನ ಗಂಡ ತೀರಿಕೊಂಡ ಮೇಲೂ ಅವು ನಿಂತಿಲ್ಲ.

೧. ಚಳಿಯಲ್ಲಿ ಪಂಚಮಿ

ಮದುವೆಯಾದ ಮೊದಲ ವರ್ಷ ಅವರಿಗೆ ರಜೆ ಸಿಕ್ಕಿದ್ದು ಡಿಸೆಂಬರಿನಲ್ಲಿ, ಇಪ್ಪತ್ತು ದಿನ. ಅಷ್ಟರೊಳಗೆ ಅತ್ತೆ ನಾಗರಪಂಚಮಿ, ಗಣೇಶ ಚೌತಿ, ದಸರಾ, ದೀಪಾವಳಿ ನಾಲ್ಕನ್ನೂ ಮಾಡಿದರು. ಮಗನಿಗೆ ತಪ್ಪಿದ ಒಂದು ಹಬ್ಬವನ್ನೂ ಅವರು ಬಿಡಲಿಲ್ಲ. ಪಂಚಮಿಗೆಂದು ಜೋಳದ ಅಳ್ಳು ಹುರಿದರು, ಶೇಂಗಾ ಉಂಡಿ ಕಟ್ಟಿದರು, ಬೇವಿನ ಮರಕ್ಕೆ ಜೋಕಾಲಿ ಹಾಕಿಸಿದರು. ನಾನು ಸ್ವೆಟರ್ ಹಾಕಿಕೊಂಡು ಜೋಕಾಲಿ ಆಡುವುದನ್ನು ಪಕ್ಕದ ಮನೆಯಾಕೆ ಗೋಡೆಯ ಮೇಲಿಂದ ನೋಡಿದಳು. ಈ ಚಳಿಯಲ್ಲಿ ನಾಗಪ್ಪ ಹುತ್ತದೊಳಗೆ ಮಲಗಿರುತ್ತಾನಲ್ಲ ಎಂದಳು. ಹಾಲು ಇಟ್ಟರೆ ಎದ್ದು ಬರುತ್ತಾನೆ ಎಂದರು ಅತ್ತೆ. ಮರುದಿನ ಆಕೆ ಮತ್ತೆ ಬಂದು, ನಿಮ್ಮ ದೀಪಾವಳಿ ಯಾವತ್ತು ಎಂದು ವಿಚಾರಿಸಿದಳು. ಮಗಳನ್ನು ಕರೆಸಬೇಕಿತ್ತಂತೆ.

ಹೊರಡುವ ದಿನ ಅವರು ಟ್ರಂಕು ಮುಚ್ಚುತ್ತ ತಾಯಿಗೆ ಹೇಳಿದರು, "ಯವ್ವಾ, ಇಪ್ಪತ್ತ ದಿನದಾಗ ನನಗ ಒಂದ ವರ್ಷ ವಯಸ್ಸಾತ ನೋಡು."

೨. ತೇಗು

ಮಗ ಹುಟ್ಟಿದಾಗ ಅವರು ಬಂದು ಹದಿನೈದು ದಿನ ಇದ್ದು ಹೋದರು. ಆಮೇಲೆ ಕೂಸು ಹಾಲು ಕುಡಿಯುವ ಹೊತ್ತಿಗೇ ಫೋನು ಬರುತ್ತಿತ್ತು. ಎಷ್ಟು ನಿಮಿಷ ಕುಡಿದ ಎಂದು ಕೇಳುವರು, ನಾನು ಗಡಿಯಾರ ನೋಡಿ ಹೇಳುವೆ. ಕೊನೆಗೆ ಅವನ ತೇಗು ಕೇಳದೆ ಫೋನು ಇಡುತ್ತಿರಲಿಲ್ಲ.

ಒಂದು ದಿನ ಕೂಸು ದೊಡ್ಡದಾಗಿ ತೇಗಿತು. ಆ ಕಡೆಯಿಂದ ಎಂಟು ಹತ್ತು ಜನರ ಚಪ್ಪಾಳೆ ಕೇಳಿಸಿತು. ಅಷ್ಟು ದಿನವೂ ಬ್ಯಾರಕ್ಕಿನಲ್ಲಿ ಅವರ ಫೋನು ಸ್ಪೀಕರಿನಲ್ಲಿತ್ತು ಎಂದು ನಮಗೆ ಆಗ ತಿಳಿಯಿತು. ಫೋನಿನಲ್ಲಿ ಮುಖ ಕಾಣದಿದ್ದರೂ ಅತ್ತೆ ಗಾಬರಿಯಿಂದ ತಲೆಯ ಮೇಲೆ ಸೆರಗು ಎಳೆದುಕೊಂಡರು. ಮರುದಿನ ತೇಗು ತಡವಾಯಿತು. ಯಾರದೋ ಗಂಡುದನಿ ಹಿಂದಿಯಲ್ಲಿ, ಹೆಗಲ ಮೇಲೆ ಹಾಕಿಕೊಂಡು ಬೆನ್ನು ಮೆಲ್ಲಗೆ ತಟ್ಟಿ ಎಂದಿತು. ಅವನು ಮೂರು ಮಕ್ಕಳ ತಂದೆಯಂತೆ. ಅತ್ತೆಗೆ ತಡೆಯಲಾಗಲಿಲ್ಲ. ಫೋನಿನ ಹತ್ತಿರ ಬಾಗಿ ಕೇಳಿದರು:

"ಇಷ್ಟೂ ಮಂದಿ ಕೂಸಿನ ತೇಗ ಕಾಯಾಕ ನಿಂತರ, ಗಡಿ ಕಾಯಾವ್ರು ಯಾರಪಾ?"

೩. ಹಾರ

ಕೂಸಿಗೆ ಆರು ತಿಂಗಳು ತುಂಬಿದಾಗ ಅವರು ಫೋನಿನಲ್ಲಿ, ಮೊದಲ ತುತ್ತು ನಾನೇ ಉಣಿಸುತ್ತೇನೆ, ಅಲ್ಲಿಯವರೆಗೆ ಹಾಲು ಬಿಟ್ಟು ಏನೂ ಕೊಡಬೇಡಿ ಎಂದರು. ಆ ವರ್ಷ ರಜೆ ನಿಜವಾದ ಪಂಚಮಿಗೇ ಮಂಜೂರಾಗಿತ್ತು. ಪಂಚಮಿಗೆ ಹನ್ನೊಂದು ದಿನ ಇರುವಾಗ ಅವರ ವಾಹನ ಬೆಟ್ಟದ ರಸ್ತೆಯಿಂದ ಕಂದಕಕ್ಕೆ ಉರುಳಿತು.

ದಿನಕರ್ಮಗಳು ಮುಗಿದವು. ನನ್ನ ಹಾಲು ಕಡಿಮೆಯಾಗಿತ್ತು. ನಾನು ಪಾಠ ಮಾಡಲು ಶಾಲೆಗೆ ಹೋದಾಗ ಅತ್ತೆ ಕೂಸಿಗೆ ಆಕಳ ಹಾಲು ಕುಡಿಸುವರು, ಅದು ಸಾಲುತ್ತಿರಲಿಲ್ಲ. ಆದರೂ ಅನ್ನದ ಮಾತು ಅತ್ತೆ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಸ್ವಾತಂತ್ರ್ಯ ದಿನ ನಮ್ಮ ಶಾಲೆಯಲ್ಲಿ ನಮ್ಮನ್ನು ವೇದಿಕೆಗೆ ಕರೆದು ಸನ್ಮಾನ ಮಾಡಿದರು. ಕೂಸಿಗೂ ಒಂದು ಚೆಂಡುಹೂವಿನ ಹಾರ ಹಾಕಿದರು. ಮುಖ್ಯ ಅತಿಥಿಗಳು ತ್ಯಾಗದ ಬಗ್ಗೆ ಮಾತಾಡುತ್ತಲೇ ಇದ್ದರು. ಇದ್ದಕ್ಕಿದ್ದಂತೆ ಮಕ್ಕಳೆಲ್ಲ ಕಿಸಕ್ಕನೆ ನಕ್ಕರು. ಅತಿಥಿಗಳು ಮಾತು ನಿಲ್ಲಿಸಿ ತಮ್ಮ ಟೋಪಿ ಸರಿಮಾಡಿಕೊಂಡರು. ಮಕ್ಕಳು ನಕ್ಕಿದ್ದು ಅವರನ್ನು ನೋಡಿ ಅಲ್ಲ. ಅತ್ತೆಯ ತೊಡೆಯ ಮೇಲೆ ಕೂಸು ತನ್ನ ಹಾರವನ್ನು ತಿನ್ನುತ್ತಿತ್ತು. ಅತ್ತೆ ಅದರ ಬಾಯಿಗೆ ಬೆರಳು ಹಾಕಿ ಎಸಳುಗಳನ್ನು ತೆಗೆದರು.

"ಅವರಪ್ಪ ಬರೂ ತನಕ ಏನೂ ತಿನ್ನಸಂಗಿಲ್ಲ" ಎಂದರು. ಪಕ್ಕದಲ್ಲಿದ್ದ ಮೈಕು ಅದನ್ನು ಇಡೀ ಮೈದಾನಕ್ಕೆ ಕೇಳಿಸಿತು.

ಮಕ್ಕಳು ಸುಮ್ಮನಾದರು. ಅತಿಥಿಗಳು ಅಲ್ಲಿಗೇ ಜೈ ಹಿಂದ್ ಎಂದು ಕುಳಿತರು. ಆಮೇಲೆ ನಮ್ಮ ಹೆಡ್‌ಮಾಸ್ತರು ಬಂದು ನನ್ನ ಪಕ್ಕದಲ್ಲಿ ನಿಂತರು. ನನ್ನ ಸರ್ವಿಸಿನಲ್ಲಿ ಇಷ್ಟು ಲಗೂನೆ ಭಾಷಣ ಮುಗಿದದ್ದು ಇದೇ ಮೊದಲು ಎಂದರು.

೪. ಎರಡು ಬಟ್ಟಲು

ಆ ಸಂಜೆಯಿಂದ ನಾನು ಕದ್ದು ಉಣಿಸತೊಡಗಿದೆ. ಭತ್ತದ ಗದ್ದೆಗಳ ಗಂಗಾವತಿಯಲ್ಲಿ ಬೆಳೆದವಳು, ನನಗೆ ಅನ್ನವೇ ಗೊತ್ತು. ಅತ್ತೆ ಸ್ನಾನಕ್ಕೆ ಹೋದ ಕೂಡಲೇ ಮೆತ್ತಗಿನ ಅನ್ನಕ್ಕೆ ಬೇಳೆಕಟ್ಟು ಕಲಸಿ ನಾಲ್ಕು ತುತ್ತು ಕೊಟ್ಟು, ಬಾಯಿ ಒರೆಸಿ, ಬಟ್ಟಲನ್ನು ಪುಸ್ತಕದ ಕಪಾಟಿನ ಹಿಂದೆ ಇಡುತ್ತಿದ್ದೆ.

ಮುಂದಿನ ತಿಂಗಳು ಅಂಗನವಾಡಿ ಕಾರ್ಯಕರ್ತೆ ಕೂಸನ್ನು ತೂಗಿದಳು. ಹಿಂದಿನ ಸಲ ತೂಕ ಇಲ್ಲ ಎಂದು ನಮ್ಮನ್ನು ಬೈದು ಹೋಗಿದ್ದವಳು ಈಗ ಏರಿದ ತೂಕ ನೋಡಿ, ಏನು ತಿನ್ನಿಸುತ್ತೀರಿ ಎಂದು ಕೇಳಿದಳು. ಏನೂ ಇಲ್ಲ ಎಂದರು ಅತ್ತೆ. ಏನೂ ಇಲ್ಲ ಎಂದೆ ನಾನೂ. ಆಕೆ ಮತ್ತೊಮ್ಮೆ ತೂಗಿ, ತಕ್ಕಡಿ ಕೆಟ್ಟಿದೆ ಎಂದು ಬರೆದುಕೊಂಡು ಹೋದಳು.

ಅದೇ ವಾರ ಶಾಲೆ ಮಧ್ಯಾಹ್ನಕ್ಕೇ ಬಿಟ್ಟಿತು. ಮನೆಗೆ ಬಂದರೆ ಅತ್ತೆ ಕೂಸನ್ನು ತೊಡೆಯ ಮೇಲೆ ಕೂರಿಸಿಕೊಂಡಿದ್ದರು. ನನ್ನನ್ನು ಕಂಡವರೇ ಏನನ್ನೋ ಸೆರಗಿನೊಳಗೆ ಇಟ್ಟುಕೊಂಡರು. ಕೂಸು ಸೆರಗು ಎಳೆಯಿತು. ಒಳಗೆ ಬಟ್ಟಲು, ಬಟ್ಟಲಲ್ಲಿ ಜೋಳದ ಗಂಜಿ.

ನಾನು ಒಳಗೆ ಹೋಗಿ ನನ್ನ ಬಟ್ಟಲು ತಂದು ಅದರ ಪಕ್ಕದಲ್ಲಿ ಇಟ್ಟೆ.

"ನೀನೂ?" ಎಂದರು.

"ಹೂಂರಿ ಅತ್ತಿ."

ಅವರು ಎರಡೂ ಬಟ್ಟಲುಗಳನ್ನು ನೋಡಿದರು. "ಅವ ಬರೂದಿಲ್ಲ ಅಂತ ನಿನ್ನ ಮುಂದ ನಾ ಹ್ಯಾಂಗ ಹೇಳ್ಲಿ ಯವ್ವಾ?" ಎಂದರು. ಇದೇ ಮಾತನ್ನು ಅವರ ಮುಂದೆ ಹೇಗೆ ಹೇಳಲಿ ಎಂದು ನಾನೂ ಅಷ್ಟು ದಿನ ಸುಮ್ಮನಿದ್ದೆ.

ಮರುದಿನ ಅತ್ತೆ ತಾವೇ ಓಣಿಯ ಐದು ಮನೆಗೆ ಹೇಳಿ ಬಂದರು. ಮನೆಗೆ ಹಬ್ಬವಿಲ್ಲದ ವರ್ಷ, ಆದರೆ ಕೂಸಿಗೆ ಊಟ ಇರಲಿ, ಸೋಮವಾರ ಮೊದಲ ತುತ್ತು ಎಂದರಂತೆ. ಹೆಂಗಸರು ಬಂದು ಕುಳಿತರು. ಅತ್ತೆ ಮಗನ ಫೋಟೋಕ್ಕೆ ಬಟ್ಟಲು ತೋರಿಸಿ ಕೂಸಿಗೆ ತುತ್ತು ಇಟ್ಟರು. ಅದು ಅರಗಳಿಗೆಯಲ್ಲಿ ನುಂಗಿ ಮತ್ತೆ ಬಾಯಿ ತೆರೆಯಿತು. ಮೊದಲ ಊಟವನ್ನು ಹೀಗೆ ಉಣ್ಣುವ ಕೂಸನ್ನು ತಾನು ಕಂಡೇ ಇಲ್ಲ, ಮಿಲ್ಟ್ರಿ ರಕ್ತಕ್ಕೆ ಹೇಳಿಕೊಡುವುದು ಬೇಡ ಎಂದಳು ಪಕ್ಕದ ಮನೆಯಾಕೆ.

ಬಟ್ಟಲು ಬರಿದಾಯಿತು. ಕೂಸು ಅತ್ತೆಯ ಸೆರಗು ಎತ್ತಿ ಒಳಗೆ ನೋಡಿತು. ಆಮೇಲೆ ನನ್ನ ಕಡೆ ತಿರುಗಿತು, ನನ್ನ ಹಿಂದೆ ಇಣುಕಿತು, ಕಪಾಟಿನ ಕಡೆ ಕೈ ಚಾಚಿ ಅಳತೊಡಗಿತು.

"ಅಪ್ಪನ್ನ ಹುಡುಕತೈತ್ರೆವ್ವಾ ಕೂಸು" ಎಂದು ಪಕ್ಕದ ಮನೆಯಾಕೆ ಬಾಯಿಗೆ ಸೆರಗು ಒತ್ತಿಕೊಂಡಳು. ಐದು ಮನೆಯವರೂ ಅತ್ತರು.

ಅತ್ತೆ ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ. ಇಬ್ಬರೂ ಒಟ್ಟಿಗೇ ಎದ್ದು ಅಡುಗೆಮನೆಗೆ ಓಡಿ ಬಾಗಿಲು ಹಾಕಿಕೊಂಡೆವು. ಅವರು ಒಲೆಯ ಕಟ್ಟೆ ಹಿಡಿದು, ನಾನು ಅವರ ಹೆಗಲು ಹಿಡಿದು, ಉಸಿರು ಸಿಗದ ಹಾಗೆ ನಕ್ಕೆವು. ಹೊರಗಿದ್ದವರು ನಮ್ಮ ಸದ್ದು ಕೇಳಿ, ಪಾಪ, ಅಳಲಿ ಬಿಡಿ, ಹಗುರಾಗುತ್ತದೆ ಎಂದುಕೊಂಡು ಕಾದರು. ಅವರು ತಿಳಿದದ್ದು ಪೂರ್ತಿ ತಪ್ಪೂ ಅಲ್ಲ, ನಾವು ಬಾಗಿಲು ತೆಗೆಯುವ ಹೊತ್ತಿಗೆ ಅಳುವುದೂ ಆಗಿ ಹೋಗಿತ್ತು.